ಮುರಿದ ಮದುವೆಯ ನಂತರ: ತವರು ಮತ್ತು ಹಸಿರು

ದಾಂಪತ್ಯ ಮುರಿದು ಹೊರಬಂದವರ ಬಳಲಿಕೆ ಎಷ್ಟು ಆಳದ್ದು ಎಂಬುದಕ್ಕೆ ಒಂದು ಹಳೆಯ ಅಳತೆಗೋಲಿದೆ. ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಬದುಕಿನ ಆಘಾತಗಳಿಗೆ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಜೈಲುವಾಸಕ್ಕೆ 63. ಸಾವಾದ ಮನೆಗೆ ನೆಂಟರು ಬಂದು ಕೂರುತ್ತಾರೆ, ಅಡುಗೆ ಮಾಡಿ ಕಳಿಸುತ್ತಾರೆ. ಮುರಿದ ಮದುವೆಗೆ ಅಂಥ ಯಾವ ಕ್ರಮವೂ ನಮ್ಮಲ್ಲಿಲ್ಲ. ಬಂದವರು ಮೊದಲು ಕೇಳುವುದೇ ತಪ್ಪು ಯಾರದು ಎಂದು.

ಹಾಗಾಗಿ ಮನೆಯವರಿಂದ ಬೇಕಾದದ್ದು ಸಮಾಧಾನದ ಮಾತಿಗಿಂತ ಹೆಚ್ಚಿನದು. ಊಟ, ನಿದ್ದೆ, ಮಕ್ಕಳ ಶಾಲೆಯ ವೇಳೆ ಮತ್ತೆ ಒಂದು ಹದಕ್ಕೆ ಬರಬೇಕು. ವಿಚಾರಣೆ ಮಾಡದೆ ಕೇಳಿಸಿಕೊಳ್ಳುವವರು ಒಬ್ಬರಾದರೂ ಇರಬೇಕು. 'ಸ್ವಲ್ಪ ಹೊಂದಿಕೊಂಡು ಹೋಗಬಹುದಿತ್ತು' ಎಂಬ ಒಂದೇ ಮಾತು ತಿಂಗಳ ಆರೈಕೆಯನ್ನು ಕೆಡಿಸೀತು. ಹೆಣ್ಣುಮಕ್ಕಳಿಗೆ ಇನ್ನೊಂದು ಅಳುಕೂ ಇದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಕೇಳಿ ಬೆಳೆದವರಿಗೆ ತವರಿನ ಅನ್ನವೂ ಹಂಗಿನದೆನಿಸುತ್ತದೆ. ಕಾನೂನು ಆ ಗಾದೆಯನ್ನು ಎಂದೋ ಕೈಬಿಟ್ಟಿದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಹಕ್ಕಿನಿಂದ ಉಳಿಯುವುದಕ್ಕೂ ಹಂಗಿನಲ್ಲಿ ಉಳಿಯುವುದಕ್ಕೂ ಮನಸ್ಸಿನ ಮಟ್ಟಿಗೆ ಬಹಳ ಅಂತರ.

ಮನೆ ಶಾಂತವಾದ ಮೇಲೂ ತಲೆಯೊಳಗಿನ ಜಗಳ ನಿಲ್ಲುವುದಿಲ್ಲ. ಆಡಿದ ಮಾತು, ಆಡಬೇಕಿದ್ದ ಮಾತು ಸುತ್ತುತ್ತಲೇ ಇರುತ್ತವೆ. ಪ್ರಕೃತಿ ಒದಗುವುದು ಇಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರ ಒಂದು ಗುಂಪನ್ನು 90 ನಿಮಿಷ ಹುಲ್ಲು, ಮರಗಳ ನಡುವೆ, ಇನ್ನೊಂದನ್ನು ವಾಹನ ತುಂಬಿದ ರಸ್ತೆಯ ಬದಿಯಲ್ಲಿ ನಡೆಸಿ ನೋಡಿ 2015ರಲ್ಲಿ ವರದಿ ಮಾಡಿದರು. ಮೊದಲ ಗುಂಪಿನಲ್ಲಿ ಮಾತ್ರ ಇಂಥ ಕೊರಗು ತಗ್ಗಿತ್ತು. ಅದು ಚಿಕ್ಕ ಪ್ರಯೋಗ, ಮದುವೆ ಮುರಿದವರ ಮೇಲೆ ಮಾಡಿದ್ದೂ ಅಲ್ಲ. ಆದರೆ ಇಂಗ್ಲೆಂಡಿನ ಸುಮಾರು 20,000 ಜನರನ್ನು ಕುರಿತ 2019ರ ಅಧ್ಯಯನದಲ್ಲೂ ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರಲ್ಲಿ ಆರೋಗ್ಯ, ನೆಮ್ಮದಿ ಚೆನ್ನಾಗಿವೆ ಎಂದವರು ಹೆಚ್ಚಿದ್ದರು. ಆ ಹೊತ್ತನ್ನು ಒಮ್ಮೆಲೇ ಕಳೆದರೂ ಬಿಡಿಬಿಡಿಯಾಗಿ ಕಳೆದರೂ ಫಲ ಒಂದೇ. ಅಷ್ಟಕ್ಕೆ ಮಲೆನಾಡಿಗೆ ಹೋಗಬೇಕಿಲ್ಲ, ಊರ ಕೆರೆ ಏರಿ ಸಾಕು. ಹಿತ್ತಲಿನ ಕೆಲಸ ಆ ಲೆಕ್ಕದಲ್ಲಿ ಸೇರಿರಲಿಲ್ಲ. ಆದರೂ ಬಸಳೆಗೆ ಚಪ್ಪರ ಕಟ್ಟುವಾಗ, ಕಳೆ ಕೀಳುವಾಗ ಅಮ್ಮನ ಮುಖ ನೋಡದೆಯೇ ಕಷ್ಟದ ಮಾತು ಆಡಬಹುದು. ಎದುರು ಕೂತರೆ ಅದು ಬಾಯಿಗೆ ಬರುವುದಿಲ್ಲ.

ಹೊಡೆತ ತಿಂದು ಬಂದವರಿಗೆ, ವಾರಗಟ್ಟಲೆ ನಿದ್ದೆ ಹಸಿವೆ ಇಲ್ಲದವರಿಗೆ ಇಷ್ಟು ಸಾಲದು. ಮಹಿಳಾ ಸಹಾಯವಾಣಿ 181 ಮತ್ತು ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಎರಡೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.