ದೂರದರ್ಶನದ ವಿನೋದ ಲೇಖಕ ಶರದ್ ಜೋಶಿ

ಹಿಂದೀ ವಿಡಂಬನಸಾಹಿತ್ಯದಲ್ಲಿ ಶರದ್ ಜೋಶಿಯವರಿಗೆ (1931–1991) ಸಲ್ಲಬೇಕಾದ ಸ್ಥಾನ ಸಂದಿದೆ. ಆದರೆ ಅವರು ದೂರದರ್ಶನಕ್ಕಾಗಿ ಬರೆದುದನ್ನು ಕೇವಲ ಜೀವನೋಪಾಯದ ಬರವಣಿಗೆಯೆಂದು ಬದಿಗಿರಿಸುವುದುಂಟು. ಇತಿಹಾಸದ ಅಭ್ಯಾಸಿಗಳಾದ ನಾವು ಈ ವಿಂಗಡಣೆಯನ್ನು ಒಪ್ಪಲಾರೆವು.

ಜೋಶಿಯವರು ಜನಿಸಿದುದು ಉಜ್ಜಯಿನಿಯಲ್ಲಿ. ಕೆಲಕಾಲ ಮಧ್ಯಪ್ರದೇಶ ಸರ್ಕಾರದ ಸೇವೆಯಲ್ಲಿದ್ದು, ಅದನ್ನು ತೊರೆದು ಲೇಖನಿಯನ್ನೇ ನಂಬಿ ಬಾಳಿದರು. ಕಚೇರಿಯ ಒಳಹೊರಗನ್ನು ಕಂಡ ಅನುಭವವೇ ಅವರ ವಿಡಂಬನೆಯ ಮೂಲದ್ರವ್ಯವೆಂದು ನಮಗೆ ತೋರುತ್ತದೆ. ‘ಜೀಪನ್ನೇರಿದ ಹುಳುಗಳು’ ಎಂಬರ್ಥದ ಶೀರ್ಷಿಕೆಯುಳ್ಳ ಅವರ ಪ್ರಸಿದ್ಧ ಬರಹದಲ್ಲಿ, ಕಡಲೆಯ ಬೆಳೆಗೆ ಹುಳು ಬಿದ್ದಿತೆಂದು ಅಧಿಕಾರಿಗಳು ಪರಿಶೀಲನೆಗೆ ಹೊರಡುತ್ತಾರೆ; ಮರಳುವಾಗ ಹೊಲದ ಹಸಿಗಡಲೆಯೇ ಜೀಪಿನಲ್ಲಿರುತ್ತದೆ. ‘ಏಕ್ ಥಾ ಗಧಾ ಉರ್ಫ್ ಅಲಾದಾದ್ ಖಾನ್’ ನಾಟಕವು ಇದಕ್ಕಿಂತಲೂ ಕಠೋರವಾದುದು. ಬಡ ಪ್ರಜೆಯ ಶವಕ್ಕೆ ಹೆಗಲು ಕೊಟ್ಟು ಕೀರ್ತಿ ಪಡೆಯಬಯಸಿದ ನವಾಬನು ಅಲಾದಾದನು ಸತ್ತನೆಂದು ಕೇಳಿ ಘೋಷಣೆ ಹೊರಡಿಸುತ್ತಾನೆ. ಸತ್ತದ್ದು ಅಗಸನ ಕತ್ತೆ! ಘೋಷಣೆ ಸುಳ್ಳಾಗದಿರಲೆಂದು ಅದೇ ಹೆಸರಿನ ಮನುಷ್ಯನೊಬ್ಬನು ಪ್ರಾಣ ಕಳೆದುಕೊಳ್ಳಬೇಕಾಗುತ್ತದೆ.

ಇಂತಹ ಲೇಖಕರು 1984ರಲ್ಲಿ, ಸರ್ಕಾರದ ಅಧೀನದಲ್ಲಿಯೇ ಇದ್ದ ದೂರದರ್ಶನಕ್ಕೆ ‘ಯೇ ಜೋ ಹೈ ಜಿಂದಗಿ’ಯನ್ನು ಬರೆದರು. ನವಾಬನೂ ಅಧಿಕಾರಿಯೂ ಇಲ್ಲಿ ಮರೆಯಾದರು. ಉಳಿದದ್ದು ಮಧ್ಯಮವರ್ಗದ ಒಂದು ಮನೆ, ಅಲ್ಲಿನ ದಂಪತಿಗಳು, ಹೆಂಡತಿಯ ನಿರುದ್ಯೋಗಿ ತಮ್ಮ. ಇವರೊಡನೆ ವಾರವಾರವೂ ಬೇರೊಂದು ವೇಷದಲ್ಲಿ ಬರುತ್ತಿದ್ದ ಸತೀಶ್ ಷಾ. ಇದು ವಿಡಂಬನಕಾರನ ಹಿಂಜರಿಕೆಯೆ? ಸ್ವಲ್ಪಮಟ್ಟಿಗೆ ಹೌದೆಂದೇ ಹೇಳಬೇಕು. ರಾಜಕೀಯದ ಮೊನಚನ್ನು ಅವರು ‘ನವಭಾರತ್ ಟೈಮ್ಸ್’ ಪತ್ರಿಕೆಯ ‘ಪ್ರತಿದಿನ್’ ಅಂಕಣಕ್ಕೆ ಕಾದಿರಿಸಿದರು.

ಆದರೂ ಒಂದು ಹೋಲಿಕೆ ಇಲ್ಲಿ ಅವಶ್ಯ. ಅದೇ ವರ್ಷ ಆರಂಭವಾದ ‘ಹಮ್ ಲೋಗ್’ ಧಾರಾವಾಹಿಯಲ್ಲಿ ಕತೆ ಮುಗಿದೊಡನೆ ನಟ ಅಶೋಕ್ ಕುಮಾರರು ಕಾಣಿಸಿಕೊಂಡು ಹಿತವಚನ ನುಡಿಯುತ್ತಿದ್ದರು. ಜೋಶಿಯವರ ಮನೆಯಲ್ಲಿ ಉಪದೇಶಕರಿಗೆ ಪ್ರವೇಶವಿರಲಿಲ್ಲ. ಪ್ರಜೆಗಳನ್ನು ತಿದ್ದುವುದೇ ತನ್ನ ಧರ್ಮವೆಂದು ಬಗೆದಿದ್ದ ಮಾಧ್ಯಮದಲ್ಲಿ ಬರಿಯ ನಗೆಗೆ ಎಡೆ ದೊರಕಿಸಿದ್ದು ಸಣ್ಣ ಸಂಗತಿಯಲ್ಲ.

ಗಿರೀಶ ಕಾರ್ನಾಡರು ‘ಮೃಚ್ಛಕಟಿಕ’ವನ್ನು ಆಧರಿಸಿ ನಿರ್ದೇಶಿಸಿದ ‘ಉತ್ಸವ್’ ಚಿತ್ರದ ಸಂಭಾಷಣೆಯೂ ಜೋಶಿಯವರದೇ. ಕವಿಸಮ್ಮೇಳನಗಳಲ್ಲಿ ಗದ್ಯವನ್ನೋದಿಯೇ ಸಭೆಯನ್ನು ಗೆಲ್ಲುತ್ತಿದ್ದ ಇವರಿಗೆ ಆಡುಮಾತಿನ ಲಯ ಸಹಜವಾಗಿ ಒಲಿದಿತ್ತು. 1990ರಲ್ಲಿ ಪದ್ಮಶ್ರೀ ಬಂದಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ನಿಧನರಾದರು. 2009ರಲ್ಲಿ ಅವರ ಕತೆಗಳನ್ನಾಧರಿಸಿ ‘ಲಾಪತಾಗಂಜ್’ ಎಂಬ ಧಾರಾವಾಹಿ ಖಾಸಗಿ ವಾಹಿನಿಯೊಂದರಲ್ಲಿ ಆರಂಭವಾಯಿತು. ಸೌಕರ್ಯಗಳಿಗಾಗಿ ಕಾದು ಕುಳಿತ ಸಣ್ಣ ಊರೊಂದು ಅದರ ವಸ್ತು.