ಹೊಲದ ವ್ಯಾಜ್ಯ: ವಕೀಲರನ್ನು ಗೊತ್ತು ಮಾಡುವ ಮುನ್ನ ತಿಳಿದಿರಬೇಕಾದದ್ದು

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಹಳ್ಳಿಗಳಲ್ಲಿ ಹೊಲದ ತಕರಾರು ಹೊಸದೇನಲ್ಲ. ಅಣ್ಣತಮ್ಮಂದಿರ ಪಾಲು, ಅಕ್ಕತಂಗಿಯರ ಹಕ್ಕು, ಬದು ಒತ್ತಿದ ಜಗಳ, ಹೊಲಕ್ಕೆ ಹೋಗುವ ದಾರಿಯ ತಂಟೆ ಇವೆಲ್ಲ ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತುತ್ತವೆ. ಮನೆಯಲ್ಲಿ ಮಾತು ಕನ್ನಡ, ಉತಾರ ಮರಾಠಿ, ವಕೀಲರ ಕಾಗದ ಒಮ್ಮೊಮ್ಮೆ ಇಂಗ್ಲಿಷ್. ಮೊದಲ ಭೇಟಿಗೆ ಸರಿಯಾಗಿ ತಯಾರಾಗಿ ಹೋದರೆ ಮುಂದೆ ಅನೇಕ ತಾರೀಖುಗಳ ಅಲೆದಾಟ ತಪ್ಪುತ್ತದೆ.

ಹೊಲ ಎಲ್ಲಿದೆಯೋ ಕೋರ್ಟು ಅಲ್ಲೇ

ಜಮೀನಿನ ದಾವೆಯನ್ನು ಜಮೀನು ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿಯೇ ಹೂಡಬೇಕು. ಇದು ದಿವಾಣಿ ಪ್ರಕ್ರಿಯಾ ಸಂಹಿತೆಯ 16ನೇ ಕಲಮಿನ ನಿಯಮ. ಮನೆ ಜತ್ತದಲ್ಲಿದ್ದರೂ ಹೊಲ ಇಂಡಿ ತಾಲೂಕಿನಲ್ಲಿದ್ದರೆ ದಾವೆ ಕರ್ನಾಟಕದ ಕೋರ್ಟಿಗೇ ಹೋಗಬೇಕು. ಪಿತ್ರಾರ್ಜಿತ ಆಸ್ತಿ ಎರಡೂ ರಾಜ್ಯಗಳಲ್ಲಿ ಹಂಚಿಹೋಗಿದ್ದರೆ ಒಂದು ಭಾಗ ಇರುವ ಕೋರ್ಟಿನಲ್ಲಿಯೇ ಎಲ್ಲಕ್ಕೂ ಸೇರಿಸಿ ದಾವೆ ಹೂಡಲು 17ನೇ ಕಲಮು ಅವಕಾಶ ಕೊಡುತ್ತದೆ. ಆದ್ದರಿಂದ ಗಡಿಯಾಚೆಯ ಹೊಲದ ವಿಷಯವನ್ನು ವಕೀಲರಿಗೆ ಮೊದಲ ದಿನವೇ ಹೇಳಬೇಕು.

ಮೇಲ್ಮನವಿ ಹೈಕೋರ್ಟಿಗೆ ಹೋದರೆ ಎಲ್ಲಿಗೆ ಹೋಗಬೇಕೆಂಬುದೂ ಈಗ ಬದಲಾಗಿದೆ. ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಯವರು ಹಿಂದೆ ಮುಂಬಯಿಗೆ ಹೋಗಬೇಕಿತ್ತು. 2025ರ ಆಗಸ್ಟ್ 18ರಿಂದ ಕೊಲ್ಹಾಪುರದ ಸರ್ಕಿಟ್ ಪೀಠ ಕೆಲಸ ಆರಂಭಿಸಿದೆ. ವಿಜಯಪುರ, ಕಲಬುರಗಿ ಜಿಲ್ಲೆಗಳ ಪ್ರಕರಣಗಳು ಕಲಬುರಗಿ ಪೀಠಕ್ಕೆ ಹೋಗುತ್ತವೆ.

ಎಲ್ಲ ತಕರಾರೂ ದಿವಾಣಿ ಕೋರ್ಟಿನದಲ್ಲ. ಉತಾರದಲ್ಲಿ ತಪ್ಪು ಹೆಸರು ಏರಿದ್ದರೆ, ಫೇರಫಾರ ಒಪ್ಪಿಗೆಯಾಗದಿದ್ದರೆ ಅದು ಮೊದಲು ಮಹಸೂಲು ಅಧಿಕಾರಿಗಳ ಮುಂದೆ ಹೋಗುತ್ತದೆ. ಅವರ ಆದೇಶದ ಮೇಲೆ ಪ್ರಾಂತಾಧಿಕಾರಿಗೆ ಅಪೀಲು ಮಾಡಲು ಸಾಮಾನ್ಯವಾಗಿ 60 ದಿನಗಳ ಅವಧಿ ಇದೆ. ಸಾತ್‌ಬಾರಾ ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲಕಿ ಹಕ್ಕು ಸಿದ್ಧವಾಗುವುದಿಲ್ಲ. ಹಕ್ಕಿನ ತೀರ್ಮಾನ ದಿವಾಣಿ ಕೋರ್ಟಿನದು.

ಅನುಭವಿ ವಕೀಲರನ್ನು ಗುರುತಿಸುವುದು ಹೇಗೆ

ವಕೀಲರು ಜಾಹೀರಾತು ಕೊಡುವಂತಿಲ್ಲ, ದಲಾಲರ ಮೂಲಕ ಕೇಸು ತರಿಸಿಕೊಳ್ಳುವಂತಿಲ್ಲ. ಇದು ಬಾರ್ ಕೌನ್ಸಿಲ್ ನಿಯಮ. ಹೀಗಾಗಿ ಕೋರ್ಟಿನ ಬಾಗಿಲಲ್ಲಿ ತಾನಾಗಿಯೇ ಬಂದು "ನಮ್ಮ ಸಾಹೇಬ್ರ ಕಡೆ ಬರ್ರಿ, ಕೆಲಸ ಆಗಿಬಿಡ್ತೈತಿ" ಎನ್ನುವವರನ್ನು ದೂರವಿಡುವುದು ಒಳ್ಳೆಯದು. ಇಂಥದೇ ಕೇಸು ನಡೆಸಿದ ಊರಿನವರನ್ನು ಕೇಳಬೇಕು. ಬಿಡುವಿದ್ದರೆ ಒಂದು ದಿನ ಕೋರ್ಟಿನಲ್ಲಿ ಕುಳಿತು ವಕೀಲರು ಸಾಕ್ಷಿಯ ಪಾಟೀಸವಾಲು ಹೇಗೆ ಮಾಡುತ್ತಾರೆಂದು ನೋಡಬೇಕು.

ಕೋಟಿನ ಬಣ್ಣ ಎಲ್ಲರದೂ ಕಪ್ಪೇ. ಅನುಭವ ಎಂದರೆ ಬರೀ ವಯಸ್ಸಲ್ಲ. ಫೌಜದಾರಿಯಲ್ಲಿ ಹೆಸರಾದವರಿಗೆ ಪಾಲಿನ ದಾವೆಯ ರೂಢಿ ಇಲ್ಲದಿರಬಹುದು. ಹೊಲದ ಕೇಸಿಗೆ ಕೇಳಬೇಕಾದ ಪ್ರಶ್ನೆಗಳು ಇವು: ಇಂಥ ದಾವೆ ಎಷ್ಟು ನಡೆಸಿದ್ದೀರಿ? ತಾರೀಖಿಗೆ ನೀವೇ ನಿಲ್ಲುತ್ತೀರೋ, ಜೂನಿಯರರೋ? ಮರಾಠಿ ಉತಾರ, ಕನ್ನಡ ಪಹಣಿ ಎರಡನ್ನೂ ಓದಿಸಿ ತಿಳಿಯುವ ವ್ಯವಸ್ಥೆ ಇದೆಯೇ? ಹೀಗೆ ಕೇಳುವುದು ಅವಮಾನವಲ್ಲ. ಒಳ್ಳೆಯ ವಕೀಲರು ಇದಕ್ಕೆ ಬೇಸರಪಡುವುದಿಲ್ಲ.

"ಗೆದ್ದೇ ಗೆಲ್ಲಿಸುತ್ತೇನೆ" ಎಂದು ಭರವಸೆ ಕೊಡುವವರ ಬಗ್ಗೆ ಎಚ್ಚರವಿರಲಿ. ಗೆದ್ದರೆ ಹೊಲದಲ್ಲಿ ಇಷ್ಟು ಪಾಲು ಎಂಬ ಕರಾರನ್ನು ನಿಯಮವೇ ನಿಷೇಧಿಸಿದೆ.

ಚೀಲದಲ್ಲಿ ಏನೇನಿರಬೇಕು

- ಸಾತ್‌ಬಾರಾ ಉತಾರ, 8-ಅ, ಹಳೆಯ ಫೇರಫಾರಗಳು. ಕರ್ನಾಟಕದ ಹೊಲವಾದರೆ ಪಹಣಿ ಮತ್ತು ಮ್ಯುಟೇಶನ್ ಪ್ರತಿ
- ಖರೀದಿ ಖತ, ವಾಟಣಿ ಪತ್ರ, ಮೃತ್ಯುಪತ್ರ, ಮೋಜಣಿ ನಕಾಶೆ
- ಮನೆತನದ ವಂಶಾವಳಿ. ತೀರಿಕೊಂಡವರ ಮರಣ ದಾಖಲೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು, ಊರು ಸಹಿತ
- ಬಂದ ನೋಟೀಸು ಅಥವಾ ಸಮನ್ಸು, ಅದು ಕೈಗೆ ಬಂದ ದಿನ ಬರೆದಿಟ್ಟದ್ದು
- ಹಿಂದೆ ನಡೆದ ಕೇಸುಗಳ ತೀರ್ಪು, ಪೊಲೀಸ್ ಠಾಣೆಯ ಅರ್ಜಿಯ ಪ್ರತಿ

ಮೊದಲ ದಿನ ಝೆರಾಕ್ಸ್ ಕೊಟ್ಟು, ಮೂಲ ಪ್ರತಿಯನ್ನು ತೋರಿಸಿ ಮರಳಿ ತರುವುದು ಕ್ಷೇಮ. ಮುಂದೆ ಮೂಲ ಪ್ರತಿ ಕೊಡಬೇಕಾದಾಗ ಪಟ್ಟಿ ಮಾಡಿ ಸಹಿ ಪಡೆಯಬೇಕು.

ಒಂದು ಹಾಳೆಯಲ್ಲಿ ಇಸವಿವಾರು ಘಟನೆಗಳನ್ನು ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಅಜ್ಜ ತೀರಿದ್ದು ಯಾವಾಗ, ಪಾಲಾದದ್ದು ಯಾವಾಗ, ಹೊಲ ಯಾರ ಕಬ್ಜೆಯಲ್ಲಿದೆ ಎಂಬ ಮೂರು ಸಂಗತಿಯ ಮೇಲೆ ಕೇಸು ನಿಲ್ಲುತ್ತದೆ. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಯಲ್ಲಂತೂ ತಾರೀಖೇ ಮುಖ್ಯ. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆದ ಪಾಲಿಗೆ ಅದು ಅಡ್ಡಿಯಾಗುವುದಿಲ್ಲ. ಬಾಯಿಮಾತಿನ ಪಾಲನ್ನು ಕೋರ್ಟು ಸುಲಭವಾಗಿ ಒಪ್ಪುವುದೂ ಇಲ್ಲ. ಹಳೆಯ ಟ್ರಂಕಿನಲ್ಲಿ ಬಿದ್ದ ಒಂದು ನೋಂದಣಿ ಪತ್ರ ಇಡೀ ಕೇಸಿನ ದಿಕ್ಕು ತಿರುಗಿಸಬಲ್ಲದು.

ಮುಚ್ಚಿಟ್ಟರೆ ಕೇಸಿಗೇ ಪೆಟ್ಟು

ಹಿರಿಯರು ಹೆಬ್ಬೆಟ್ಟು ಒತ್ತಿದ ಬಾಂಡು, ಹೊಲದ ಮೇಲಿನ ಸೊಸೈಟಿ ಸಾಲ, ಒಳಗೊಳಗೆ ಮಾರಿದ ತುಂಡು ಇಂಥವನ್ನು ಹೇಳಲು ಜನ ನಾಚುತ್ತಾರೆ. ಎದುರಾಳಿ ಅದನ್ನೇ ಕೋರ್ಟಿನಲ್ಲಿ ತೆರೆದಿಟ್ಟಾಗ ವಕೀಲರ ಕೈ ಕಟ್ಟಿಹೋಗುತ್ತದೆ. ಪಕ್ಷಕಾರನು ಕೇಸಿನ ಸಲುವಾಗಿ ಹೇಳಿದ ಮಾತನ್ನು ಅವನ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆ ಹೇಳುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ರಕ್ಷಣೆ ಇದೆ. ಮುಂದೆ ಮಾಡಬೇಕೆಂದಿರುವ ಮೋಸಕ್ಕೆ ಮಾತ್ರ ಅದು ಅನ್ವಯಿಸದು.

ಹೊರಡುವ ಮುನ್ನ ಇಷ್ಟನ್ನು ಕೇಳಿಯೇ ಬರಬೇಕು: ಕೇಸಿನಲ್ಲಿ ಗಟ್ಟಿ ಯಾವುದು, ಪೊಳ್ಳು ಯಾವುದು? ರಾಜಿಗೆ ದಾರಿ ಇದೆಯೇ? ತಡೆಯಾಜ್ಞೆ ಬೇಕೇ? ಅವಧಿ ಎಂದಿಗೆ ಮುಗಿಯುತ್ತದೆ?

ಫೀ, ಸಹಿ ಮತ್ತು ಭಾಷೆ

ಫೀ ಇಡೀ ಕೇಸಿಗೋ, ತಾರೀಖಿಗೋ ಎಂದು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಕೋರ್ಟ್ ಫೀ, ನಕಲು, ಟೈಪಿಂಗ್ ಖರ್ಚು ಬೇರೆ. ಕೊಟ್ಟ ಹಣಕ್ಕೆ ರಶೀದಿ ಕೇಳುವುದರಲ್ಲಿ ತಪ್ಪಿಲ್ಲ. ವಕೀಲಪತ್ರಕ್ಕೆ ಸಹಿ ಮಾಡಬೇಕಾಗುತ್ತದೆ, ಆದರೆ ಖಾಲಿ ಹಾಳೆಗೆ ಎಂದಿಗೂ ಸಹಿ ಬೇಡ.

ಗಡಿಯ ಜನ ಮೋಸಹೋಗುವುದು ಇಲ್ಲಿಯೇ. ದಿವಾಣಿ ದಾವೆಯಲ್ಲಿ ಈಗ ಮುಖ್ಯ ಸಾಕ್ಷ್ಯವನ್ನು ಪ್ರತಿಜ್ಞಾಪತ್ರದಲ್ಲಿ ಕೊಡಲಾಗುತ್ತದೆ. ಅದು ಓದಲು ಬಾರದ ಭಾಷೆಯಲ್ಲಿದ್ದರೆ "ಸಾಹೇಬ್ರ, ಇದರಾಗ ಏನೈತಿ ಕನ್ನಡದಾಗ ಓದಿ ಹೇಳ್ರಿ" ಎಂದು ಕೇಳಿ, ತಿಳಿದ ಮೇಲೆಯೇ ಸಹಿ ಮಾಡಬೇಕು. ನಾಳೆ ಕಟ್ಟೆಯಲ್ಲಿ ನಿಂತಾಗ ಅದರ ಒಂದೊಂದು ಸಾಲಿಗೂ ಉತ್ತರ ಕೊಡಬೇಕಾದವರು ಸಹಿ ಮಾಡಿದವರೇ. ಹೇಳಿಕೆಯನ್ನು ಸಾಕ್ಷಿಗೆ ತಿಳಿಯದ ಭಾಷೆಯಲ್ಲಿ ಬರೆದುಕೊಂಡರೆ ಅದನ್ನು ಅರ್ಥಮಾಡಿಸಿ ಹೇಳಬೇಕೆಂಬುದು ಕಾನೂನಿನಲ್ಲಿಯೇ ಇದೆ.

ದಾವೆ ದಾಖಲಾದ ಮೇಲೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರನ್ನು ಬರೆದಿಟ್ಟುಕೊಂಡರೆ ಮುಂದಿನ ತಾರೀಖನ್ನು ಮೊಬೈಲಿನಲ್ಲಿಯೇ ನೋಡಬಹುದು. ವಕೀಲರನ್ನು ಬದಲಿಸುವ ಹಕ್ಕು ಪಕ್ಷಕಾರನಿಗಿದೆ. ಫೀ ಬಾಕಿ ಇದೆಯೆಂದು ಕಾಗದಪತ್ರ ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪು ಕೊಟ್ಟಿದೆ.

ಹಣವಿಲ್ಲದಿದ್ದರೆ

ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ಉಳಿದ ಬಡವರಿಗೆ ಆದಾಯ ಮಿತಿ ಇದೆ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು ಅಥವಾ 15100ಕ್ಕೆ ಫೋನ್ ಮಾಡಬೇಕು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ಮರಳಿ ಸಿಗುತ್ತದೆ. ಆದರೆ ಅದರ ಮೇಲೆ ಅಪೀಲು ಇಲ್ಲ. ಹೀಗಾಗಿ ಅಲ್ಲಿಯೂ ಓದಿಸಿ ಕೇಳಿಯೇ ಸಹಿ ಮಾಡಬೇಕು.

ಸಮನ್ಸು ಬಂದವರಂತೂ ಹಬ್ಬ, ಸುಗ್ಗಿ ಮುಗಿಯಲಿ ಎಂದು ಕಾಯಬಾರದು. ಕೈಫಿಯತ್ತು ಕೊಡಲು ಸಮನ್ಸು ತಲುಪಿದ ದಿನದಿಂದ 30 ದಿನ. ಕೋರ್ಟು ಕಾರಣ ಒಪ್ಪಿದರೆ 90 ದಿನದವರೆಗೆ. ಸಮನ್ಸು ತೆಗೆದುಕೊಳ್ಳದೆ ಮರಳಿಸಿದರೆ ಕೇಸು ನಿಲ್ಲುವುದಿಲ್ಲ. ಏಕಪಕ್ಷೀಯವಾಗಿ ತೀರ್ಪಾಗಿ ಹೊಲ ಕೈತಪ್ಪಬಹುದು.