ಒಳರವಾನೆ ಮತ್ತು ಮರುದಾರಿ

ಅರ್ಜಿಯೊಂದನ್ನು ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಎರಡು ಬಗೆಯ ಗುಮಾಸ್ತರ ಪರಿಚಯ ಇದ್ದೇ ಇರುತ್ತದೆ. ಒಬ್ಬರು ಅರ್ಜಿಯನ್ನು ತೆಗೆದುಕೊಂಡು, ಅಂಚಿನಲ್ಲಿ ಟಿಪ್ಪಣಿ ಬರೆದು, ಒಳಗಿನ ಮೇಜಿಗೆ ತಾವೇ ಕಳುಹಿಸುತ್ತಾರೆ. ಅರ್ಜಿದಾರನು ನಿಂತ ಜಾಗದಿಂದ ಕದಲಬೇಕಾಗಿಲ್ಲ. ಕಾಗದವು ಒಳಗೆ ಎಷ್ಟು ಮೇಜುಗಳನ್ನು ಸುತ್ತಿತೆಂಬುದೂ ಅವನಿಗೆ ತಿಳಿಯದು. ಉತ್ತರ ಮಾತ್ರ ಅದೇ ಕಿಟಕಿಯಿಂದ ಬರುತ್ತದೆ. ಇನ್ನೊಬ್ಬರು, "ಇದು ಇಲ್ಲಿಯದಲ್ಲ, ಮೂರನೆಯ ಕಿಟಕಿಗೆ ಹೋಗಿ" ಎನ್ನುತ್ತಾರೆ. ಅರ್ಜಿದಾರನು ತಾನೇ ನಡೆದುಹೋಗಿ ಅಲ್ಲಿ ಹೊಸದಾಗಿ ವಿಚಾರಿಸಬೇಕು.

ಅಂತರ್ಜಾಲದ ತಾಣಗಳ ಹಿಂದೆ ಕುಳಿತು ಕೆಲಸಮಾಡುವ ಸರ್ವರ್ ಎಂಬ ಯಂತ್ರಗಳಲ್ಲಿಯೂ ಈ ಎರಡು ಪದ್ಧತಿಗಳುಂಟು. ಮೊದಲನೆಯದನ್ನು ಆ ವೃತ್ತಿಯವರು ಫಾರ್ವರ್ಡ್ ಎನ್ನುತ್ತಾರೆ. ಎರಡನೆಯದನ್ನು ರೀಡೈರೆಕ್ಟ್ ಎನ್ನುತ್ತಾರೆ. ನಾವು ಇವನ್ನು ಕ್ರಮವಾಗಿ ಒಳರವಾನೆ, ಮರುದಾರಿ ಎಂದು ಕರೆಯೋಣ. ಯಾವುದನ್ನು ಎಲ್ಲಿ ಬಳಸಬೇಕೆಂಬುದು ಯಂತ್ರಜ್ಞರಿಗಷ್ಟೇ ಸಂಬಂಧಪಟ್ಟ ಸೂಕ್ಷ್ಮವೆಂದು ತೋರಬಹುದು. ಆದರೆ ಪರೀಕ್ಷೆಯ ಶುಲ್ಕವನ್ನು ಒಮ್ಮೆ ಕಟ್ಟಿದ ಹುಡುಗನಿಂದ ಎರಡು ಸಲ ಹಣ ಹೋಗುವುದೂ, ನಂಬಿಗಸ್ತ ವಿಳಾಸವನ್ನು ಒತ್ತಿದ ಗೃಹಸ್ಥನು ಕಳ್ಳನ ಬಾಗಿಲಿಗೆ ಹೋಗಿ ನಿಲ್ಲುವುದೂ ಈ ಆಯ್ಕೆಯಲ್ಲಿಯೇ ಅಡಗಿದೆ. ಆದುದರಿಂದ ಇದನ್ನು ಎಲ್ಲರೂ ಸ್ವಲ್ಪಮಟ್ಟಿಗೆ ತಿಳಿದಿರುವುದು ಒಳ್ಳೆಯದು.

ಮೊದಲು ಈ ವ್ಯವಹಾರದ ಭಾಷೆಯನ್ನು ನೋಡೋಣ. ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಯೋಜನೆ ಮುಂದಿಟ್ಟು ರೂಪಿಸಿದ ವೆಬ್ ವ್ಯವಸ್ಥೆಯು ಎಚ್.ಟಿ.ಟಿ.ಪಿ. ಎಂಬ ಸಂವಾದ ನಿಯಮದ ಮೇಲೆ ನಿಂತಿದೆ. ನಮ್ಮ ಕೈಯಲ್ಲಿರುವ ಬ್ರೌಸರು ಕೋರಿಕೆ ಸಲ್ಲಿಸುತ್ತದೆ. ದೂರದ ಸರ್ವರು ಉತ್ತರ ಕೊಡುತ್ತದೆ. ಒಂದು ಕೋರಿಕೆಗೆ ಒಂದು ಉತ್ತರ. ಅಲ್ಲಿಗೆ ಸಂವಾದ ಮುಗಿಯಿತು. ಮುಂದಿನ ಕೋರಿಕೆ ಬಂದಾಗ ಹಿಂದಿನದರ ನೆನಪು ಈ ನಿಯಮಕ್ಕೆ ತಾನಾಗಿ ಇರುವುದಿಲ್ಲ. ಈ ಭಾಷೆಯ ಕ್ರಿಯಾಪದಗಳಲ್ಲಿ ಎರಡು ಮುಖ್ಯ. 'ಗೆಟ್' ಎಂದರೆ 'ತೋರಿಸು'. ಎಷ್ಟು ಸಲ ಕೇಳಿದರೂ ಹಾನಿಯಿಲ್ಲ. 'ಪೋಸ್ಟ್' ಎಂದರೆ 'ಇದನ್ನು ಸ್ವೀಕರಿಸಿ ಕೆಲಸ ನಡೆಸು'. ಇದನ್ನು ಎರಡು ಸಲ ಹೇಳಿದರೆ ಕೆಲಸವೂ ಎರಡು ಸಲ ನಡೆಯಬಹುದು.

ಇನ್ನು ಒಳರವಾನೆ. 1990ರ ದಶಕದ ಉತ್ತರಾರ್ಧದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಿಂದ ಬಂದ ಜಾವಾ ಸರ್ವ್‌ಲೆಟ್ ಎಂಬ ಕ್ರಮವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ರಿಕ್ವೆಸ್ಟ್ ಡಿಸ್‌ಪ್ಯಾಚರ್ ಎಂಬ ಸಾಧನವೊಂದಿದೆ. ಕೋರಿಕೆಯನ್ನು ಮೊದಲು ಕೈಗೆ ತೆಗೆದುಕೊಂಡ ಭಾಗವು ಅದರ ಮೂಲಕ ಅದೇ ಕೋರಿಕೆಯನ್ನು ಒಳಗಿನ ಇನ್ನೊಂದು ಭಾಗಕ್ಕೆ ದಾಟಿಸುತ್ತದೆ. ಕೋರಿಕೆ ಒಂದೇ ಆದ್ದರಿಂದ ಅದಕ್ಕೆ ಲಗತ್ತಿಸಿದ ಟಿಪ್ಪಣಿಗಳೆಲ್ಲ ಜೊತೆಯಲ್ಲಿಯೇ ಹೋಗುತ್ತವೆ. ಲೆಕ್ಕ ಹಾಕುವ ಭಾಗವು ಫಲಿತಾಂಶವನ್ನು ಸಿದ್ಧಪಡಿಸಿ, ಅದನ್ನು ಅಂದವಾಗಿ ತೋರಿಸುವ ಭಾಗಕ್ಕೆ ಒಪ್ಪಿಸುವುದು ಈ ರೀತಿಯಲ್ಲಿಯೇ. ಹೊರಗಿನವರು ನೇರವಾಗಿ ಕೇಳಿ ಪಡೆಯಲಾಗದ ಪುಟಗಳನ್ನು ವೆಬ್-ಇನ್ಫ್ ಎಂಬ ಕೋಶದಲ್ಲಿಟ್ಟು, ಒಳರವಾನೆಯಿಂದ ಮಾತ್ರ ತಲುಪುವಂತೆ ಮಾಡುವ ರೂಢಿಯೂ ಉಂಟು. ಕಚೇರಿಯ ದಾಖಲೆ ಕೊಠಡಿಗೆ ಗುಮಾಸ್ತರು ಹೋಗಬಹುದು, ಅರ್ಜಿದಾರರು ಹೋಗಲಾರರು ಎಂಬಂತೆ.

ಮರುದಾರಿಯಲ್ಲಿ ಸರ್ವರು ಪುಟವನ್ನು ಕೊಡುವುದಿಲ್ಲ. ಮೂರರಿಂದ ಆರಂಭವಾಗುವ ಒಂದು ಸಂಖ್ಯೆಯನ್ನೂ, ಹೋಗಬೇಕಾದ ಹೊಸ ವಿಳಾಸವನ್ನೂ ಬ್ರೌಸರಿಗೆ ಹೇಳಿ ಕೈತೊಳೆದುಕೊಳ್ಳುತ್ತದೆ. ಬ್ರೌಸರು ಆ ವಿಳಾಸಕ್ಕೆ ಹೊಸ ಕೋರಿಕೆಯೊಂದನ್ನು ಸಲ್ಲಿಸುತ್ತದೆ. ಹೀಗಾಗಿ ಎರಡು ಕೋರಿಕೆ, ಎರಡು ಉತ್ತರ. ಸ್ವಲ್ಪ ಹೆಚ್ಚಿನ ಕಾಲ. ಹಳೆಯ ಕೋರಿಕೆಗೆ ಅಂಟಿಸಿದ ಟಿಪ್ಪಣಿಗಳು ಹಳೆಯದರೊಡನೆಯೇ ಹೋಗುತ್ತವೆ; ಬೇಕಾದುದನ್ನು ಬೇರೆಡೆ ಕಾದಿರಿಸಬೇಕು. ಆದರೆ ಇದಕ್ಕೆ ಎರಡು ಹೆಚ್ಚಿನ ಶಕ್ತಿಗಳಿವೆ. ಒಳರವಾನೆ ತನ್ನ ಮನೆಯೊಳಗೆ ಮಾತ್ರ ನಡೆದರೆ, ಮರುದಾರಿಯು ಲೋಕದ ಯಾವ ತಾಣಕ್ಕೆ ಬೇಕಾದರೂ ಕಳುಹಿಸಬಲ್ಲದು. ಎರಡನೆಯದಾಗಿ, ಬ್ರೌಸರಿನ ವಿಳಾಸಪಟ್ಟಿಯಲ್ಲಿ ಹೊಸ ವಿಳಾಸವೇ ಕಾಣುತ್ತದೆ. ಒಳರವಾನೆಯಲ್ಲಾದರೋ ಹಳೆಯ ವಿಳಾಸವೇ ಉಳಿದಿರುತ್ತದೆ.

ಈ ವಿಳಾಸದ ವ್ಯತ್ಯಾಸದಲ್ಲಿಯೇ ಹಣದ ಪ್ರಶ್ನೆ ಇದೆ. ವಿದ್ಯಾರ್ಥಿಯೊಬ್ಬನು ಶುಲ್ಕದ ನಮೂನೆಯನ್ನು ತುಂಬಿ ಒಪ್ಪಿಸಿದನೆನ್ನಿ. ಇದು 'ಪೋಸ್ಟ್' ಕೋರಿಕೆ. ಸರ್ವರು ಹಣವನ್ನು ಜಮಾ ಮಾಡಿಕೊಂಡು, ರಸೀತಿಯ ಪುಟಕ್ಕೆ ಒಳರವಾನೆ ಮಾಡಿತು. ರಸೀತಿ ಕಣ್ಣಿಗೆ ಬಿತ್ತು. ಆದರೆ ಬ್ರೌಸರಿನ ಮಟ್ಟಿಗೆ ಅದು ಈಗಲೂ 'ಹಣ ಸ್ವೀಕರಿಸು' ಎಂಬ ಕೋರಿಕೆಯ ಬಾಗಿಲಲ್ಲಿಯೇ ನಿಂತಿದೆ. ಹುಡುಗನು ಪುಟವನ್ನು ಹೊಸದಾಗಿ ತರಿಸುವ ಗುಂಡಿಯನ್ನು ಒತ್ತಿದರೆ ಅದೇ ಕೋರಿಕೆ ಮತ್ತೆ ಹೋಗುತ್ತದೆ. ಬ್ರೌಸರು 'ಮತ್ತೆ ಕಳುಹಿಸಲೇ?' ಎಂದು ಕೇಳುವುದುಂಟು. ಅವಸರದಲ್ಲಿರುವವರು ಹೂಂ ಎಂದುಬಿಡುತ್ತಾರೆ. ಒಳಗೆ ಬೇರೆ ತಡೆಯಿಲ್ಲದಿದ್ದರೆ ಎರಡನೆಯ ಸಲವೂ ಹಣ ಹೋದಂತೆಯೇ. ಬದಲಾಗಿ, ಹಣ ಜಮಾ ಆದೊಡನೆ ಸರ್ವರು ರಸೀತಿಯ ವಿಳಾಸಕ್ಕೆ ಮರುದಾರಿ ತೋರಿದರೆ, ಬ್ರೌಸರು 'ರಸೀತಿ ತೋರಿಸು' ಎಂಬ ನಿರಪಾಯದ ಕೋರಿಕೆಯ ಮೇಲೆ ಬಂದು ನಿಲ್ಲುತ್ತದೆ. ಆಗ ಹತ್ತು ಸಲ ಒತ್ತಿದರೂ ಹತ್ತು ಸಲ ರಸೀತಿ ಕಂಡೀತೇ ಹೊರತು ಹಣ ಹೋಗದು. 'ಪೋಸ್ಟ್, ರೀಡೈರೆಕ್ಟ್, ಗೆಟ್' ಎಂದು ಈ ಕ್ರಮಕ್ಕೆ ಹೆಸರು. ಒಪ್ಪಿಸುವ ಗುಂಡಿಯನ್ನೇ ಗಡಿಬಿಡಿಯಲ್ಲಿ ಎರಡು ಸಲ ಒತ್ತಿದರೆ ಮಾತ್ರ ಇದು ಸಾಲದು. ಪ್ರತಿ ನಮೂನೆಗೂ ಒಮ್ಮೆ ಮಾತ್ರ ಸಲ್ಲುವ ಗುರುತುಚೀಟಿಯೊಂದನ್ನು ಕೊಟ್ಟಿರಬೇಕು.

ಇದಕ್ಕೆ ಪ್ರತಿಯಾಗಿ, ನಮೂನೆಯಲ್ಲಿ ತಪ್ಪಿದ್ದರೆ ಒಳರವಾನೆಯೇ ಅನುಕೂಲ. ತುಂಬಿದ ವಿವರಗಳೂ ತಪ್ಪಿನ ಸೂಚನೆಯೂ ಜೊತೆಯಲ್ಲಿಯೇ ನಮೂನೆಯ ಪುಟಕ್ಕೆ ಮರಳುತ್ತವೆ. ಹುಡುಗನು ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗಿಲ್ಲ.

ಮರುದಾರಿಯ ಸಂಖ್ಯೆಗಳ ಚರಿತ್ರೆಯು ಭಾಷೆಯ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಿದೆ. 1996ರ ನಿಯಮಾವಳಿಯಲ್ಲಿ 301 ಎಂದರೆ ಶಾಶ್ವತವಾಗಿ ಮನೆ ಬದಲಾಯಿಸಿದೆ, 302 ಎಂದರೆ ತಾತ್ಕಾಲಿಕವಾಗಿ ಬೇರೆಡೆ ಇದೆ ಎಂದರ್ಥ. ಕೋರಿಕೆಯ ಕ್ರಿಯಾಪದವನ್ನು ದಾರಿಯಲ್ಲಿ ಬದಲಾಯಿಸಕೂಡದೆಂಬುದು ಸೂತ್ರ. ಆದರೆ ಹೆಚ್ಚಿನ ಬ್ರೌಸರುಗಳು 302 ಕಂಡಾಗ 'ಪೋಸ್ಟ್' ಅನ್ನು 'ಗೆಟ್' ಆಗಿ ಬದಲಾಯಿಸಿಯೇ ಬಿಟ್ಟವು. ವೈಯಾಕರಣರು ಪ್ರಯೋಗಕ್ಕೆ ಶರಣರೆಂಬ ಮಾತಿದೆಯಷ್ಟೆ. ಇಲ್ಲಿಯೂ ಹಾಗೆಯೇ ಆಯಿತು. 1997ರಲ್ಲಿ, ಬದಲಾಯಿಸಿಯೇ ಹೋಗು ಎನ್ನಲು 303 ಬಂತು; 1999ರಲ್ಲಿ, ಬದಲಾಯಿಸದೆ ಹೋಗು ಎನ್ನಲು 307 ಬಂತು. ಶಾಶ್ವತ ಬದಲಾವಣೆಯಲ್ಲಿಯೂ ಕ್ರಿಯಾಪದವನ್ನು ಕಾಯುವ 308, 2015ರ ನಿಯಮಾವಳಿಯಲ್ಲಿ ನೆಲೆಗೊಂಡಿತು. ಹಣ ಕಟ್ಟಿಸಿಕೊಂಡ ಮೇಲೆ ರಸೀತಿಗೆ ಕಳುಹಿಸಲು ಅರ್ಥಸ್ಪಷ್ಟವಾದುದು 303. ಅಲ್ಲಿ 307 ಬಳಸಿದರೆ ರಸೀತಿಯ ವಿಳಾಸಕ್ಕೂ 'ಪೋಸ್ಟ್' ಕೋರಿಕೆಯೇ ಹೋಗಿ, ನಾವು ಕಟ್ಟಿದ ತಡೆ ನಿರರ್ಥಕವಾದೀತು. 301 ಅನ್ನು ಬ್ರೌಸರು ನೆನಪಿಟ್ಟುಕೊಳ್ಳಬಹುದಾದ ಕಾರಣ, ಅದನ್ನು ವಿಚಾರಮಾಡಿ ಬಳಸಬೇಕು. ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಈಗ ಕಳ್ಳನ ವಿಷಯ. ಅನೇಕ ತಾಣಗಳು, ಗುರುತು ಹೇಳಿ ಒಳಬಂದವರನ್ನು ಅವರು ಮೊದಲಿದ್ದ ಪುಟಕ್ಕೆ ಮರಳಿ ಕಳುಹಿಸುತ್ತವೆ. ಮರಳಬೇಕಾದ ವಿಳಾಸವನ್ನು ಕೋರಿಕೆಯ ಬಾಲದಲ್ಲಿಯೇ ಬರೆದಿರುತ್ತಾರೆ. ಸರ್ವರು ಅದನ್ನು ಪರೀಕ್ಷಿಸದೆ ನಂಬಿದರೆ, ವಂಚಕನು ಆ ಬಾಲಕ್ಕೆ ತನ್ನ ವಿಳಾಸವನ್ನು ಅಂಟಿಸಿ ಜನರಿಗೆ ಕಳುಹಿಸುತ್ತಾನೆ. ಕೊಂಡಿಯ ಆರಂಭದಲ್ಲಿ ನಿಜವಾದ ತಾಣದ ಹೆಸರೇ ಇರುತ್ತದೆ. ಒತ್ತಿದವನು ಬಂದು ತಲುಪುವುದು ಅದೇ ರೂಪದ ಸುಳ್ಳು ಪುಟಕ್ಕೆ. ತಾಣಗಳ ಭದ್ರತೆಯನ್ನು ಕುರಿತು ಕೆಲಸಮಾಡುವ ಓವಾಸ್ಪ್ ಸಂಸ್ಥೆಯು 2010 ಮತ್ತು 2013ರ ತನ್ನ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ ಪರೀಕ್ಷಿಸದ ಮರುದಾರಿ, ಒಳರವಾನೆಗಳೆರಡನ್ನೂ ಸೇರಿಸಿತ್ತು. ಒಳರವಾನೆಯ ಗುರಿಯನ್ನು ಹೊರಗಿನವನು ಆರಿಸುವಂತಾದರೆ ದಾಖಲೆ ಕೊಠಡಿಯ ಬೀಗವೇ ತೆರೆದಂತಲ್ಲವೆ? ಪರಿಹಾರವಿಷ್ಟೆ: ಹೋಗಬಹುದಾದ ಸ್ಥಳಗಳ ಪಟ್ಟಿಯೊಂದನ್ನು ತಾಣವೇ ಇಟ್ಟುಕೊಂಡು, ಅದರಲ್ಲಿಲ್ಲದುದನ್ನು ನಿರಾಕರಿಸಬೇಕು. ವಿಳಾಸವು ಓರೆಗೆರೆಯಿಂದ ಆರಂಭವಾದರೆ ಅದು ಸ್ವಂತ ಮನೆಯದೆಂದು ನಂಬುವಂತಿಲ್ಲ. ಒಂದು ಗೆರೆಯಿದ್ದರೆ ಸ್ವಂತ ಮನೆ, ಎರಡು ಗೆರೆಗಳಿದ್ದರೆ ಅದು ಬೇರೊಂದು ಮನೆ.

ಈ ವಿದ್ಯೆಯನ್ನು ಕಲಿಯುತ್ತಿರುವ ತರುಣರಿಗೆ ಎರಡು ಸೂಚನೆಗಳು. ಸರ್ವ್‌ಲೆಟ್‌ನಲ್ಲಿ ಮರುದಾರಿ ತೋರಿಸಿದೊಡನೆ ಆದೇಶಗಳು ತಾವಾಗಿ ನಿಲ್ಲುವುದಿಲ್ಲ. ಕೆಳಗಿನ ಸಾಲುಗಳೂ ನಡೆಯುತ್ತವೆ. 'ನಿನಗೆ ಅಧಿಕಾರವಿಲ್ಲ, ಹೊರಗೆ ಹೋಗು' ಎಂದು ಹೇಳಿ, ಅದರ ಹಿಂದೆಯೇ ಅವನು ಕೇಳಿದ ಕೆಲಸವನ್ನೂ ಮಾಡಿಕೊಟ್ಟಂತಾದೀತು. ದಾರಿ ತೋರಿಸಿದಲ್ಲಿಯೇ ಕಾರ್ಯವನ್ನು ಮುಗಿಸಬೇಕು. ಇನ್ನೊಂದು, ಉತ್ತರದ ಮೊದಲ ಕಂತು ಹೊರಟುಹೋದ ಮೇಲೆ ಒಳರವಾನೆಯೂ ಇಲ್ಲ, ಮರುದಾರಿಯೂ ಇಲ್ಲ. ನಿರ್ಧಾರ ಮೊದಲೇ ಆಗಬೇಕು.

ಸಂಗ್ರಹವಾಗಿ ಹೇಳುವುದಾದರೆ, ಕೇಳಿದ ಪ್ರಶ್ನೆಗೆ ಉತ್ತರವನ್ನು ಸಿದ್ಧಪಡಿಸುವಾಗ ಒಳರವಾನೆ. ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದು ಮುಗಿದ ಮೇಲೆ ಮರುದಾರಿ. ಸಾಮಾನ್ಯ ಓದುಗರಾದ ನಾವು ಮಾಡಬೇಕಾದುದು ಇನ್ನೂ ಸುಲಭ. ಕೊಂಡಿಯನ್ನು ಒತ್ತಿದಾಗ ಕಂಡ ಹೆಸರನ್ನಲ್ಲ, ಬಂದು ತಲುಪಿದ ಮೇಲೆ ವಿಳಾಸಪಟ್ಟಿಯಲ್ಲಿ ಕಾಣುವ ಹೆಸರನ್ನು ಓದಿ, ಆ ಬಳಿಕವೇ ಗುಪ್ತಪದವನ್ನು ಬರೆಯುವುದು.